ರಕ್ತದ ಒತ್ತಡ: ನಿದಾನ ಮತ್ತು ನಿಗ್ರಹ

ಮನುಷ್ಯನು ವೈದ್ಯನ ಮನೆಯ ಬಾಗಿಲನ್ನು ತಟ್ಟುವುದು ಸಾಮಾನ್ಯವಾಗಿ ಜ್ವರ, ಶೂಲೆ, ಊತ, ಅಗ್ನಿಮಾಂದ್ಯ, ನಿದ್ರಾನಾಶ ಮೊದಲಾದ ಯಾವುದಾದರೊಂದು ಬಾಧೆ ಅವನನ್ನು ಕಾಡಿದಾಗ. ಆ ಬಾಧೆ ತೀರಿದೊಡನೆ ಔಷಧವನ್ನೂ ಔಷಧ ಕೊಟ್ಟವನನ್ನೂ ಮರೆತುಬಿಡುವುದು ಅವನ ಸ್ವಭಾವ. ಬಹುಪಾಲು ವ್ಯಾಧಿಗಳ ವಿಷಯದಲ್ಲಿ ಈ ಸ್ವಭಾವದಿಂದ ಹೇಳಿಕೊಳ್ಳುವಂತಹ ಹಾನಿಯೂ ಆಗುವುದಿಲ್ಲ. ಆದರೆ, ‘ಬಿ.ಪಿ.’ ಎಂಬ ಎರಡಕ್ಷರದ ಹೆಸರಿನಿಂದ ಇಂದು ಹಳ್ಳಿಯ ಜಗಲಿಯವರೆಗೂ ಪರಿಚಿತವಾಗಿರುವ ಅಧಿಕ ರಕ್ತದೊತ್ತಡವು ಈ ಕ್ರಮವನ್ನು ತಲೆಕೆಳಗು ಮಾಡಿರುವ ವ್ಯಾಧಿ. ಹತ್ತು ಹದಿನೈದು ವರ್ಷಗಳ ಕಾಲ ಶರೀರದಲ್ಲಿ ನೆಲೆಸಿದ್ದರೂ ಅದು ತನ್ನ ಆಶ್ರಯದಾತನಿಗೆ ಒಂದು ತಲೆನೋವನ್ನಾದರೂ ಕೊಡಬೇಕೆಂಬ ನಿಯಮವಿಲ್ಲ. ಕೊಟ್ಟ ಮೊದಲ ಬಾಧೆಯೇ ಪಾರ್ಶ್ವವಾಯುವಾಗಿಯೋ ಹೃದಯಾಘಾತವಾಗಿಯೋ ಮೂತ್ರಪಿಂಡಗಳ ವೈಫಲ್ಯವಾಗಿಯೋ ಇರುವುದು ವಿರಳವಲ್ಲ. ಚೆನ್ನಾಗಿದ್ದೇನೆಂದು ಭಾವಿಸಿರುವವನನ್ನು, ನೀನು ಚೆನ್ನಾಗಿಲ್ಲವೆಂದು ಮೊದಲು ಒಪ್ಪಿಸಬೇಕು. ಒಪ್ಪಿಸಿದ ಮೇಲೆ, ತೆಗೆದುಕೊಂಡರೂ ಬಿಟ್ಟರೂ ಅನುಭವದಲ್ಲಿ ಯಾವ ಭೇದವನ್ನೂ ತೋರದ ಗುಳಿಗೆಯನ್ನು ಅವನು ಜೀವನಪರ್ಯಂತ ನುಂಗುವಂತೆ ಮಾಡಬೇಕು. ಈ ವ್ಯಾಧಿಯನ್ನು ಕುರಿತು ಮುನ್ನೂರು ವರ್ಷಗಳಲ್ಲಿ ಸಂಗ್ರಹವಾದ ಜ್ಞಾನ ಅಪಾರವಾದದ್ದು. ನಿಗ್ರಹದ ಸಾಧನಗಳು ಸುಲಭವಾದವು, ಅಗ್ಗವಾದವು. ಹಾಗಿದ್ದೂ ಲೋಕದಲ್ಲಿ ಇದಕ್ಕೆ ಒಳಗಾದ ಐವರಲ್ಲಿ ಒಬ್ಬರ ಒತ್ತಡ ಮಾತ್ರ ಹದದಲ್ಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆಯೆಂದರೆ, ತೊಡಕು ಇರುವುದು ಈ ಒಪ್ಪಿಸುವ ಕೆಲಸದಲ್ಲಿಯೇ ಎಂದು ನನ್ನ ಅಭಿಪ್ರಾಯ.

ಹೃದಯವು ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು ೫ ಲೀಟರಿನಷ್ಟು ರಕ್ತವನ್ನು ಮಹಾಧಮನಿಗೆ ತಳ್ಳುತ್ತಿರುತ್ತದೆ. ಹೀಗೆ ಹರಿಯುವ ರಕ್ತವು ಧಮನಿಗಳ ಗೋಡೆಯ ಮೇಲೆ ಹೇರುವ ಭಾರವೇ ಒತ್ತಡ; ಹೃದಯ ಸಂಕುಚಿಸಿದಾಗ ಅದು ಏರುವುದರಿಂದಲೂ ವಿಕಸಿಸಿದಾಗ ಇಳಿಯುವುದರಿಂದಲೂ ಅದನ್ನು ಎರಡು ಸಂಖ್ಯೆಗಳಲ್ಲಿ, ಪಾದರಸದ ಕಂಬದ ಮಿಲಿಮೀಟರುಗಳ ಲೆಕ್ಕದಲ್ಲಿ, ಹೇಳುವುದು ರೂಢಿ. ಒತ್ತಡವೆಂಬುದು ಸ್ವತಃ ದೋಷವಲ್ಲ. ಅದಿಲ್ಲದಿದ್ದರೆ ಎದ್ದುನಿಂತ ಮನುಷ್ಯನ ಮಿದುಳಿಗೆ ರಕ್ತವೇ ಏರಲಾರದು. ಮೆಟ್ಟಿಲು ಹತ್ತುವಾಗ, ಸಿಟ್ಟಾದಾಗ, ನೋವಾದಾಗ ಅದು ಏರುವುದೂ, ನಿದ್ರೆಯಲ್ಲಿ ಇಳಿಯುವುದೂ ಪ್ರಕೃತಿಧರ್ಮ. ಏರಿದ್ದು ಇಳಿಯದೆ, ವಿಶ್ರಾಂತಿಯಲ್ಲಿಯೂ ಮೇಲಿನ ಮಟ್ಟದಲ್ಲಿಯೇ ನಿಂತುಬಿಟ್ಟಾಗ ಮಾತ್ರ ಅದು ವ್ಯಾಧಿಯೆನಿಸುತ್ತದೆ.

ಈ ಒತ್ತಡವನ್ನು ಮೊತ್ತಮೊದಲು ಕಣ್ಣಿಗೆ ಕಾಣುವಂತೆ ಮಾಡಿದವನು ಒಬ್ಬ ಪಾದ್ರಿ. ಇಂಗ್ಲೆಂಡಿನ ಟೆಡಿಂಗ್ಟನ್ ಎಂಬ ಊರಿನ ಸ್ಟೀಫನ್ ಹೇಲ್ಸನು ಒಂದು ಹೆಣ್ಣು ಕುದುರೆಯನ್ನು ಕಟ್ಟಿ ಕೆಡವಿ, ಅದರ ತೊಡೆಯ ಧಮನಿಗೆ ಹಿತ್ತಾಳೆಯ ಕೊಳವೆಯನ್ನು ಹೊಗಿಸಿ, ಕೊಳವೆಗೆ ಉದ್ದನೆಯ ಗಾಜಿನ ನಳಿಗೆಯನ್ನು ಜೋಡಿಸಿದಾಗ ರಕ್ತವು ೮ ಅಡಿ ೩ ಅಂಗುಲದೆತ್ತರಕ್ಕೆ ಏರಿ ನಿಂತಿತೆಂದು ೧೭೩೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಕುದುರೆಯ ಪ್ರಾಣಕ್ಕೆ ಎರವಾದ ಈ ವಿಧಾನವನ್ನು ರೋಗಿಗಳ ಮೇಲೆ ಪ್ರಯೋಗಿಸುವಂತಿರಲಿಲ್ಲವಷ್ಟೆ. ಧಮನಿಯನ್ನು ಸೀಳದೆ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸದ ಕಂಬದಲ್ಲಿ ಒತ್ತಡವನ್ನು ಓದುವ ಉಪಾಯವನ್ನು ಇಟಲಿಯ ರೀವಾ ರೊಚ್ಚಿ ಎಂಬ ವೈದ್ಯನು ಪ್ರಕಟಿಸುವ ವೇಳೆಗೆ ೧೮೯೬ನೆಯ ಇಸವಿ ಬಂದಿತ್ತು. ಆ ಉಪಾಯದಿಂದ ಮೇಲಿನ ಸಂಖ್ಯೆಯೊಂದೇ ದೊರೆಯುತ್ತಿತ್ತು. ಪಟ್ಟಿಯ ಬಿಗಿಯನ್ನು ಸಡಿಲಿಸುವಾಗ ಮೊಣಕೈಯ ಮಡಿಕೆಯಲ್ಲಿ ಕೇಳಿಬರುವ ಶಬ್ದಗಳ ಹುಟ್ಟು ಮತ್ತು ಅಡಗುಗಳಿಂದ ಎರಡು ಸಂಖ್ಯೆಗಳನ್ನೂ ಹಿಡಿಯಬಹುದೆಂದು ರಷ್ಯದ ತರುಣ ಶಸ್ತ್ರವೈದ್ಯ ಕೊರೊತ್ಕೋವನು ೧೯೦೫ರಲ್ಲಿ ಒಂದು ಸಂಕ್ಷಿಪ್ತ ವರದಿಯಲ್ಲಿ ತಿಳಿಸಿದನು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ದಾದಿಯರು ಸ್ಟೆತಾಸ್ಕೋಪನ್ನು ಕಿವಿಗಿಟ್ಟು ಆಲಿಸುತ್ತಿರುವುದು ಅದೇ ಶಬ್ದಗಳನ್ನು.

ಹೇಲ್ಸನಿಗೂ ರೀವಾ ರೊಚ್ಚಿಗೂ ನಡುವೆ ನಾವು ಮರೆಯಬಾರದ ಇನ್ನೊಂದು ಹೆಸರುಂಟು. ಪಟ್ನಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ, ಬ್ರೈಟನ್ ಪಟ್ಟಣದಲ್ಲಿ ಅಂಗಮರ್ದನದ ಸ್ನಾನಗೃಹವನ್ನು ನಡೆಸಿ ಹೆಸರಾದ ಶೇಕ್ ದೀನ್ ಮಹಮ್ಮದನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮ್ಮದನು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ನಾಡಿಯ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರವನ್ನು ತಿದ್ದಿ ಉತ್ತಮಪಡಿಸಿದನು. ಒತ್ತಡದ ಏರಿಕೆ ಮೂತ್ರಪಿಂಡಗಳ ರೋಗದ ಅನುಚರ ಮಾತ್ರವೆಂದು, ರಿಚರ್ಡ್ ಬ್ರೈಟನ ಕಾಲದಿಂದ ವೈದ್ಯಲೋಕ ನಂಬಿಕೊಂಡು ಬಂದಿತ್ತು. ಮಹಮ್ಮದನಾದರೋ ಮೂತ್ರದಲ್ಲಿ ಯಾವ ವಿಕಾರವೂ ತೋರದ, ನೋಡಲು ಆರೋಗ್ಯವಂತರಾದ ಜನರಲ್ಲಿಯೂ ಒತ್ತಡ ಏರಿರಬಹುದೆಂದೂ, ಏರಿದ ಒತ್ತಡವೇ ಮುಂದೆ ಹೃದಯವನ್ನೂ ಮೂತ್ರಪಿಂಡಗಳನ್ನೂ ಕೆಡಿಸಬಹುದೆಂದೂ ಕಂಡನು. ತೋಳುಪಟ್ಟಿಯೇ ಇಲ್ಲದಿದ್ದ ಕಾಲದಲ್ಲಿ ಇಷ್ಟನ್ನು ಗ್ರಹಿಸಿದ ಈತನು ೧೮೮೪ರಲ್ಲಿ, ೩೫ರ ವಯಸ್ಸಿನಲ್ಲಿ, ವಿಷಮಶೀತಜ್ವರದಿಂದ ತೀರಿಕೊಂಡನು. ಬಾಧೆಯಿಲ್ಲದ ವ್ಯಾಧಿಯೊಂದು ಇದೆಯೆಂಬ ಮಾತನ್ನು ಸಾಧಾರವಾಗಿ ಹೇಳಿದವರಲ್ಲಿ ಅವನು ಮೊದಲಿಗನೆಂದು ನಾನು ಎಣಿಸುತ್ತೇನೆ.

ಆ ಮಾತು ವೈದ್ಯರ ಮನಸ್ಸಿಗೆ ಇಳಿಯಲು ಮತ್ತೆ ಎಪ್ಪತ್ತು ಎಂಬತ್ತು ವರ್ಷಗಳೇ ಬೇಕಾದುವು. ವಯಸ್ಸಾದಂತೆ ಧಮನಿಗಳು ಗಡುಸಾಗುತ್ತವೆ, ಗಡುಸಾದ ನಾಳಗಳಲ್ಲಿ ರಕ್ತವನ್ನು ನೂಕಲು ಹೆಚ್ಚಿನ ಒತ್ತಡ ಬೇಕೇ ಬೇಕು, ಅದನ್ನು ಇಳಿಸುವುದು ಅಪಾಯ ಎಂಬುದು ಹಿಂದಿನ ಶತಮಾನದ ಪೂರ್ವಾರ್ಧದಲ್ಲಿ ದೊಡ್ಡ ದೊಡ್ಡ ವೈದ್ಯರ ಸಿದ್ಧಾಂತವಾಗಿದ್ದಿತು. ಇದರ ಫಲವನ್ನು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ೧೯೪೪ರ ಮಾರ್ಚಿಯಲ್ಲಿ ಹೃದ್ರೋಗತಜ್ಞ ಹವರ್ಡ್ ಬ್ರೂಎನ್ ಅವರನ್ನು ಪರೀಕ್ಷಿಸಿದಾಗ ಒತ್ತಡ ೧೮೬/೧೦೮ ಇದ್ದಿತು; ಹೃದಯ ಹಿಗ್ಗಿತ್ತು. ಕೊಡಬಹುದಾಗಿದ್ದುದು ಡಿಜಿಟಾಲಿಸ್, ಉಪ್ಪು ಕಡಿಮೆಯಾದ ಪಥ್ಯ, ವಿಶ್ರಾಂತಿ ಇಷ್ಟೇ. ಜನತೆಗೆ ಅಧ್ಯಕ್ಷರು ವಯಸ್ಸಿಗೆ ತಕ್ಕಂತೆ ಆರೋಗ್ಯವಾಗಿದ್ದಾರೆಂದು ತಿಳಿಸಲಾಯಿತು; ಅವರು ನಾಲ್ಕನೆಯ ಸಲ ಚುನಾಯಿತರಾದರು; ಯಾಲ್ಟಾಕ್ಕೆ ಹೋಗಿ ಯುದ್ಧೋತ್ತರ ಜಗತ್ತಿನ ವಿಭಜನೆಯ ಮಾತುಕತೆಗಳಲ್ಲಿ ಕುಳಿತರು; ೧೯೪೫ರ ಏಪ್ರಿಲ್ ೧೨ರಂದು ತಲೆಯ ಹಿಂಭಾಗದಲ್ಲಿ ಭಯಂಕರವಾದ ನೋವೆಂದು ಕುಸಿದರು. ಆಗ ಅಳೆದ ಒತ್ತಡ ೩೦೦/೧೯೦. ಮಿದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ಮೃತರಾದ ಆ ಮನುಷ್ಯನಿಗೆ ಸಿಗದಿದ್ದ ಚಿಕಿತ್ಸೆ ಇಂದು ನಮ್ಮ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿದೆ.

ಇನ್ನು ನಿದಾನದ ವಿಚಾರ. ನೂರು ಮಂದಿ ರೋಗಿಗಳಲ್ಲಿ ತೊಂಬತ್ತಕ್ಕೂ ಮಿಕ್ಕವರಲ್ಲಿ ಇದೇ ಕಾರಣವೆಂದು ಬೆರಳಿಟ್ಟು ತೋರಿಸುವಂತಹದು ಯಾವುದೂ ಸಿಗದು. ಹಲವು ಕಾರಣಗಳು ಸ್ವಲ್ಪಸ್ವಲ್ಪವಾಗಿ ಸೇರಿ ಒತ್ತಡವನ್ನು ಏರಿಸಿರುತ್ತವೆ. ಆದರೂ ಎಲ್ಲ ಕಾರಣಗಳ ದಾರಿ ಎಲ್ಲಿಯೋ ಒಂದು ಕಡೆ ಮೂತ್ರಪಿಂಡವನ್ನು ಹಾದುಹೋಗುತ್ತದೆಂಬುದು ಕ್ರಮವಾಗಿ ತಿಳಿದುಬಂದಿದೆ. ೧೮೯೮ರಲ್ಲಿ ಸ್ಟಾಕ್‌ಹೋಮಿನ ಟಿಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದ ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿ, ಅದರ ಒತ್ತಡ ಏರುವುದನ್ನು ಕಂಡು, ಆ ದ್ರವ್ಯಕ್ಕೆ ರೆನಿನ್ ಎಂದು ಹೆಸರಿಟ್ಟರು. ಅದನ್ನು ಲೋಕ ಮರೆಯಿತು. ೧೯೩೪ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಯ ಮೂತ್ರಪಿಂಡಕ್ಕೆ ಹೋಗುವ ಧಮನಿಗೆ ಬೆಳ್ಳಿಯ ಚಿಮಟಿಗೆಯನ್ನು ಬಿಗಿದು ರಕ್ತವನ್ನು ಕುಗ್ಗಿಸಿದಾಗ ನಾಯಿಗೆ ಅಧಿಕ ರಕ್ತದೊತ್ತಡ ಬಂದಿತು. ಮರೆತಿದ್ದ ರೆನಿನ್ ಮತ್ತೆ ನೆನಪಿಗೆ ಬಂದಿತು. ರಕ್ತ ತನಗೆ ಸಾಲದೆಂದು ತೋರಿದಾಗ ಮೂತ್ರಪಿಂಡವು ರೆನಿನ್ನನ್ನು ಹೊರಡಿಸುತ್ತದೆ, ಅದರಿಂದ ಆಂಜಿಯೋಟೆನ್ಸಿನ್ ಎಂಬ ಇನ್ನೊಂದು ದ್ರವ್ಯ ಉತ್ಪನ್ನವಾಗುತ್ತದೆ, ಅದು ಸಣ್ಣ ಧಮನಿಗಳನ್ನು ಬಿಗಿಯುವುದಲ್ಲದೆ ಉಪ್ಪನ್ನೂ ನೀರನ್ನೂ ಶರೀರದಲ್ಲಿಯೇ ಹಿಡಿದಿಡುವ ಏರ್ಪಾಡನ್ನೂ ಮಾಡುತ್ತದೆ. ಗಾಯವಾಗಿ ರಕ್ತ ಸೋರಿದವನ ಪ್ರಾಣವುಳಿಸುವ ಈ ವ್ಯವಸ್ಥೆ, ಗಾಯವಿಲ್ಲದವನಲ್ಲಿ ಸದಾ ಎಚ್ಚೆತ್ತಿದ್ದರೆ, ಅವನನ್ನೇ ಸವೆಸುತ್ತದೆ.

ಮಿಸಿಸಿಪಿಯ ಶರೀರಶಾಸ್ತ್ರಜ್ಞ ಆರ್ಥರ್ ಗೈಟನ್ ಈ ವಿಷಯವನ್ನು ಇನ್ನೂ ಆಳಕ್ಕೆ ಒಯ್ದರು. ಅವರ ವಾದವನ್ನು ನಮ್ಮ ಕೆರೆಗಳ ಕೋಡಿಯನ್ನು ನೆನೆದು ತಿಳಿದುಕೊಳ್ಳಬಹುದು: ಮಳೆ ಎಷ್ಟೇ ಬರಲಿ, ನೀರು ಕೋಡಿಯ ಮಟ್ಟಕ್ಕಿಂತ ಮೇಲೆ ಬಹುಕಾಲ ನಿಲ್ಲದು, ಕೋಡಿಯ ಮೇಲೆ ಯಾರಾದರೂ ಎರಡು ಸಾಲು ಕಲ್ಲು ಕಟ್ಟಿದರೆ ಮಾತ್ರ ಕೆರೆಯ ಮಟ್ಟ ಶಾಶ್ವತವಾಗಿ ಏರುತ್ತದೆ. ಒತ್ತಡ ಹೆಚ್ಚಿದಾಗ ಉಪ್ಪನ್ನೂ ನೀರನ್ನೂ ಹೊರಕ್ಕೆ ಹರಿಸಿ ಅದನ್ನು ಇಳಿಸುವ ಕೋಡಿ ಮೂತ್ರಪಿಂಡ. ಆನುವಂಶಿಕತೆಯಿಂದಲೋ ಬೊಜ್ಜಿನಿಂದಲೋ ವಯಸ್ಸಿನಿಂದಲೋ ನರಗಳ ಅತಿಪ್ರೇರಣೆಯಿಂದಲೋ ಆ ಕೋಡಿ ಮೇಲೇರಿದಾಗ, ತಿಂದ ಉಪ್ಪನ್ನು ಹೊರಹಾಕಲು ಶರೀರಕ್ಕೆ ಹಿಂದಿಗಿಂತ ಹೆಚ್ಚಿನ ಒತ್ತಡ ಬೇಕಾಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ನಮ್ಮವರು ಗಾದೆ ಕಟ್ಟಿದ್ದು ಪಾಪಫಲವನ್ನು ಕುರಿತಾದರೂ, ಶರೀರಧರ್ಮದ ಮಟ್ಟಿಗೂ ಅದು ಅಕ್ಷರಶಃ ಸತ್ಯ.

ಎಲ್ಲರ ಕೋಡಿಯೂ ಒಂದೇ ಎತ್ತರದಲ್ಲಿರುವುದಿಲ್ಲ. ಲೂಯಿಸ್ ಡಾಲ್ ಎಂಬ ಅಮೆರಿಕದ ವಿಜ್ಞಾನಿ ಇಲಿಗಳನ್ನು ತಲೆಮಾರುಗಳ ಕಾಲ ಆಯ್ದು ಸಾಕಿ, ಉಪ್ಪು ತಿಂದರೆ ಒತ್ತಡ ಏರುವ ಒಂದು ಕುಲವನ್ನೂ ಎಷ್ಟು ತಿಂದರೂ ಏರದ ಇನ್ನೊಂದು ಕುಲವನ್ನೂ ಬೆಳೆಸಿ ತೋರಿಸಿದರು. ತಂದೆತಾಯಿಗಳಿಬ್ಬರಿಗೂ ಈ ವ್ಯಾಧಿಯಿದ್ದವರು ಎಚ್ಚರವಾಗಿರಬೇಕೆನ್ನುವುದಕ್ಕೆ ಇದೇ ಆಧಾರ. ಆದರೆ ಕುಲಬೀಜವೊಂದೇ ಇದನ್ನು ತರಲಾರದು. ೧೯೮೮ರಲ್ಲಿ ಪ್ರಕಟವಾದ ‘ಇಂಟರ್‌ಸಾಲ್ಟ್’ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಉಪ್ಪನ್ನು ಬಳಸದ ಬ್ರೆಜಿಲ್ ಅರಣ್ಯದ ಯನೊಮಾಮಿ ಜನರೂ ಸೇರಿದ್ದರು; ಅವರಲ್ಲಿ ಅಧಿಕ ಒತ್ತಡವೂ ಇರಲಿಲ್ಲ, ವಯಸ್ಸಿನೊಡನೆ ಒತ್ತಡ ಏರುವುದೂ ಇರಲಿಲ್ಲ. ಮುಪ್ಪಿಗೆ ಬಿ.ಪಿ. ಸಹಜವೆನ್ನುವ ನಮ್ಮ ನುಡಿಗೆ ಇದಕ್ಕಿಂತ ಬಲವಾದ ಪ್ರತ್ಯುತ್ತರ ನನಗೆ ಗೊತ್ತಿಲ್ಲ.

೧೯೩೦ರಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದವರ ನಾಡಿನಲ್ಲಿ ನಿಂತು ಉಪ್ಪನ್ನು ಕಡಿಮೆ ಮಾಡಿರೆಂದು ಹೇಳುವುದು ಕೊಂಚ ಧಾರ್ಷ್ಟ್ಯವೇ ಸರಿ. ಆದರೂ ದಿನಕ್ಕೆ ೫ ಗ್ರಾಂ, ಎಂದರೆ ಒಂದು ಚಹಾ ಚಮಚದಷ್ಟು, ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವಲ್ಲಿ ಭಾರತೀಯರು ಸರಾಸರಿ ೮ ಗ್ರಾಮಿಗೆ ಕಡಿಮೆಯಿಲ್ಲದೆ ತಿನ್ನುತ್ತಿರುವುದನ್ನು ಹೇಳದಿರುವಂತಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಉಪ್ಪಿನ ಬಹುಭಾಗ ಕಾರ್ಖಾನೆಯ ಆಹಾರದಲ್ಲಿ ಬೆರೆತು ಬರುತ್ತದೆ; ನಮ್ಮಲ್ಲಿ ಅದು ಅಡಿಗೆಮನೆಯಲ್ಲಿಯೇ, ನಮ್ಮ ಕೈಯಿಂದಲೇ, ಬೀಳುತ್ತದೆ. ವಿಚಿತ್ರವೆಂದರೆ ನಮ್ಮ ಮುಖ್ಯಾಹಾರಗಳಾದ ಅನ್ನ, ರಾಗಿಮುದ್ದೆ, ಜೋಳದ ರೊಟ್ಟಿಗಳು ಬಹುಮಟ್ಟಿಗೆ ಉಪ್ಪಿಲ್ಲದವು. ಅವುಗಳ ಸಪ್ಪೆಯನ್ನು ನೀಗಲು ಬರುವ ಪರಿವಾರವೇ ಉಪ್ಪಿನ ಭಂಡಾರ. ಎಲೆಯ ಎಡತುದಿಗೆ ಎಲ್ಲಕ್ಕಿಂತ ಮೊದಲು ಬಡಿಸುವ ಉಪ್ಪು, ಮಾವಿನ ಮಿಡಿಯ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಕರಾವಳಿಯ ಒಣಮೀನು, ಕೊನೆಗೆ ಮಜ್ಜಿಗೆಗೆ ಹಾಕುವ ಚಿಟಿಕೆ ಇವೆಲ್ಲವನ್ನೂ ಕೂಡಿಸಿದರೆ ಸಾರು ಹುಳಿಗಳ ಲೆಕ್ಕ ಬರುವ ಮೊದಲೇ ದಿನದ ಪಾಲು ಮುಗಿದಿರುತ್ತದೆ. ಈಚೆಗೆ ಬೇಕರಿಯ ಬ್ರೆಡ್ಡು, ಖಾರ, ಪೊಟ್ಟಣದ ಕುರುಕಲುಗಳು ಅದರ ಮೇಲೆ ಬಂದು ಕುಳಿತಿವೆ. ಸೈಂಧವ ಲವಣಕ್ಕೆ ಈ ದೋಷವಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಅದೂ ಬಹುತೇಕ ಸೋಡಿಯಂ ಕ್ಲೋರೈಡೇ ಆಗಿರುವುದರಿಂದ ಆ ನಂಬಿಕೆಗೆ ಆಧಾರವಿಲ್ಲ. ಮೇಲಾಗಿ ಅಯೋಡೀನ್ ಬೆರೆಸಿದ ಉಪ್ಪನ್ನು ಬಿಟ್ಟು ಅದನ್ನೇ ಹಿಡಿದವನಿಗೆ ಅಯೋಡೀನೂ ತಪ್ಪುತ್ತದೆ.

ಮನಸ್ಸಿನ ಪಾತ್ರವೇನು? ಸಿಡುಕಿದವನನ್ನು ಕಂಡು ‘ಅವನಿಗೆ ಬಿ.ಪಿ. ಏರಿತು’ ಎನ್ನುವುದು ನಮ್ಮಲ್ಲಿ ನಿತ್ಯದ ಮಾತು. ಕೋಪ ಚಿಂತೆಗಳಿಂದ ಒತ್ತಡ ತಾತ್ಕಾಲಿಕವಾಗಿ ಏರುವುದು ನಿಜ; ಬಿಡುವಿಲ್ಲದ ಉದ್ವೇಗ, ನಿದ್ರೆಗೇಡು, ರಾತ್ರಿಯ ಪಾಳಿಗಳು ದೀರ್ಘಕಾಲದಲ್ಲಿ ಅದಕ್ಕೆ ನೆರವಾಗುವುದೂ ಉಂಟು. ಆದರೆ ಉಪ್ಪು, ಬೊಜ್ಜು, ಮದ್ಯ, ಆಲಸ್ಯ, ಆನುವಂಶಿಕತೆ ಇವುಗಳ ಮುಂದೆ ಅದರ ಪಾಲನ್ನು ಜನ ಅತಿಯಾಗಿ ಎಣಿಸಿದ್ದಾರೆ. ಇದರಿಂದಾಗುವ ಅನರ್ಥ ಸಣ್ಣದಲ್ಲ: ಶಾಂತಸ್ವಭಾವದವರು ತಮಗೆ ಇದು ಬಾರದೆಂದು ಅಳೆಸಿಕೊಳ್ಳುವುದೇ ಇಲ್ಲ, ಬಂದವರು, ಸಿಟ್ಟು ಬಿಟ್ಟಿದ್ದೇನೆ, ಇನ್ನು ಗುಳಿಗೆ ಬೇಡವೆನ್ನುತ್ತಾರೆ. ಪರಮ ಸೌಮ್ಯರ ಧಮನಿಗಳೂ ಬಿಗಿಯುತ್ತವೆ.

ಉಳಿದ ಕೆಲವರಲ್ಲಿ ಕಾರಣ ಸ್ಪಷ್ಟವಾಗಿರುತ್ತದೆ; ಅದನ್ನು ಹುಡುಕಿ ತೆಗೆದರೆ ವ್ಯಾಧಿಯೇ ತೊಲಗುವುದೂ ಉಂಟು. ಮೂತ್ರಪಿಂಡದ ಧಮನಿಯ ಸಂಕೋಚ, ೧೯೫೫ರಲ್ಲಿ ಜೆರೋಮ್ ಕಾನ್ ವರ್ಣಿಸಿದ ಅಡ್ರಿನಲ್ ಗ್ರಂಥಿಯ ವಿಕಾರ, ಥೈರಾಯ್ಡಿನ ತೊಂದರೆ, ಗೊರಕೆಯ ನಡುವೆ ಉಸಿರು ಕಟ್ಟುವ ನಿದ್ರಾದೋಷ ಇವು ಆ ಜಾತಿಯವು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಗಳೂ ಸ್ಟೀರಾಯ್ಡುಗಳೂ ಒತ್ತಡವನ್ನು ಏರಿಸುತ್ತವೆ. ಕೆಮ್ಮಿಗೆ ಮನೆಮದ್ದಾದ ಜ್ಯೇಷ್ಠಮಧುವನ್ನು ಬಹಳ ದಿನ ಹೆಚ್ಚಾಗಿ ಸೇವಿಸಿದರೆ ಅದು ಶರೀರದಲ್ಲಿ ಉಪ್ಪನ್ನು ಉಳಿಸಿ ಪೊಟ್ಯಾಸಿಯಂ ಕಳೆಯುತ್ತದೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ. ಗರ್ಭಿಣಿಯಲ್ಲಿ ಒತ್ತಡ ಏರುವುದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಬಂಧಪಟ್ಟ ಬೇರೆಯೇ ಅಧ್ಯಾಯ. ಮುಂದೆ ಹೇಳಲಿರುವ ಔಷಧಗಳಲ್ಲಿ ಕೆಲವು ಆಕೆಗೆ ನಿಷಿದ್ಧವೆಂದಷ್ಟು ಹೇಳಿ ಮುಂದುವರಿಯುತ್ತೇನೆ.

ಗಿಡಮೂಲಿಕೆಯ ಮಾತು ಬಂದದ್ದರಿಂದ ಔಷಧದ ಕಥೆಯನ್ನು ಸರ್ಪಗಂಧದಿಂದಲೇ ಆರಂಭಿಸುವುದು ನ್ಯಾಯ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಈ ಪೊದೆಯ ಬೇರನ್ನು ನಾಟಿವೈದ್ಯರು ಹಾವಿನ ಕಡಿತಕ್ಕೂ ಬುದ್ಧಿಭ್ರಮಣೆಗೂ ಕೊಡುತ್ತಿದ್ದರು. ೧೯೩೧ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ಒತ್ತಡವನ್ನೂ ಇಳಿಸುತ್ತದೆಂದು ಬರೆದರು. ಅದೇ ಕಾಲದಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಅದರ ಕ್ಷಾರಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ಸ್ಮರಣೆಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ಇಲ್ಲಿಯ ಬರಹವನ್ನು ಹೊರಲೋಕ ಲಕ್ಷಿಸಲಿಲ್ಲ. ೧೯೪೯ರಲ್ಲಿ ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳ ಮೇಲಿನ ಫಲಗಳನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆಯೇ ಬಾಸ್ಟನ್ನಿನವರೂ ಸ್ವಿಟ್ಸರ್ಲೆಂಡಿನವರೂ ಕಣ್ತೆರೆದರು. ೧೯೫೨ರಲ್ಲಿ ಸೀಬಾ ಕಂಪನಿಯ ರಸಾಯನಜ್ಞರು ಆ ಬೇರಿನಿಂದ ರಿಸರ್ಪೀನನ್ನು ತೆಗೆದರು. ಪಥ್ಯವನ್ನೂ ಶಸ್ತ್ರಕ್ರಿಯೆಯನ್ನೂ ಬಿಟ್ಟರೆ ಬೇರೆ ಗತಿಯಿಲ್ಲದಿದ್ದ ಕಾಲದಲ್ಲಿ ಬಾಯಿಂದ ನುಂಗಿ ತಾಳಿಕೊಳ್ಳಬಹುದಾದ ಮೊದಮೊದಲ ಔಷಧಗಳಲ್ಲಿ ಅದೊಂದಾಯಿತು. ಪ್ರಮಾಣ ಹೆಚ್ಚಾದಾಗ ಮನಸ್ಸನ್ನು ವಿಷಾದಕ್ಕೆ ದೂಡುವ ಗುಣದಿಂದ ಮುಂದೆ ಅದು ಹಿಂದೆ ಸರಿಯಿತು. ಬೇರಿಗಾಗಿ ಗಿಡಗಳನ್ನೇ ಕಿತ್ತು ಕಿತ್ತು ಕಾಡಿನಲ್ಲಿ ಅದು ವಿರಳವಾದದ್ದು ಆ ಕಥೆಯ ಇನ್ನೊಂದು ಭಾಗ.

ಹಿಂದೆ ಸರಿಯುವ ಮೊದಲು ಅದು ಒಂದು ಮಹತ್ಕಾರ್ಯದಲ್ಲಿ ಪಾಲ್ಗೊಂಡಿತು. ಒತ್ತಡವನ್ನು ಇಳಿಸಿದರೆ ರೋಗಿಗೆ ನಿಜವಾಗಿ ಒಳಿತಾಗುವುದೇ ಎಂಬ ವಾದವನ್ನು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಪರೀಕ್ಷೆಗೆ ಒಡ್ಡಿದರು. ಕೆಳಗಿನ ಸಂಖ್ಯೆ ೧೧೫ರಿಂದ ೧೨೯ರವರೆಗೆ ಇದ್ದ ೧೪೩ ಗಂಡಸರನ್ನು ಆಯ್ದು, ಅರ್ಧ ಜನಕ್ಕೆ ರಿಸರ್ಪೀನ್ ಸೇರಿದ ಮೂರು ಔಷಧಗಳನ್ನೂ ಉಳಿದರ್ಧಕ್ಕೆ ಹುಸಿಗುಳಿಗೆಯನ್ನೂ ಕೊಡಲಾಯಿತು. ೧೯೬೭ರಲ್ಲಿ ಪ್ರಕಟವಾದ ಫಲದಲ್ಲಿ ಘೋರವಾದ ಉಪದ್ರವಗಳಿಗೆ ಈಡಾದವರು ಹುಸಿಗುಳಿಗೆಯವರಲ್ಲಿ ೨೭ ಮಂದಿ, ಔಷಧದವರಲ್ಲಿ ಇಬ್ಬರು. ವೈದ್ಯಕೀಯದಲ್ಲಿ ಇಷ್ಟು ನಿಸ್ಸಂದಿಗ್ಧವಾದ ತೀರ್ಪು ಅಪರೂಪ. ಅಂದಿನಿಂದ ಚರ್ಚೆ ನಡೆದಿರುವುದು ಎಷ್ಟಕ್ಕೆ ಆರಂಭಿಸಬೇಕು, ಎಲ್ಲಿಯವರೆಗೆ ಇಳಿಸಬೇಕು ಎಂಬುದನ್ನು ಕುರಿತು ಮಾತ್ರ.

ಈಗ ಬಳಕೆಯಲ್ಲಿರುವ ಔಷಧಗಳಲ್ಲಿ ಉಪ್ಪುನೀರನ್ನು ಹೊರಹರಿಸುವ ಥಯಜೈಡುಗಳು ೧೯೫೮ರಲ್ಲಿ ಬಂದವು. ಹೃದಯದ ಮೇಲಿನ ನರಪ್ರೇರಣೆಯನ್ನು ತಗ್ಗಿಸುವ ಪ್ರೊಪ್ರನೊಲಾಲನ್ನು ರೂಪಿಸಿದ್ದಕ್ಕಾಗಿ ಜೇಮ್ಸ್ ಬ್ಲಾಕ್ ೧೯೮೮ರ ನೊಬೆಲ್ ಪಾರಿತೋಷಕದಲ್ಲಿ ಭಾಗಿಯಾದರು. ಎಲ್ಲಕ್ಕಿಂತ ವಿಸ್ಮಯಕರವಾದದ್ದು ಬ್ರೆಜಿಲಿನ ಜರರಾಕ ಎಂಬ ಮಂಡಲದ ಹಾವಿನ ವಿಷದ ಕಥೆ: ಸೆರ್ಜಿಯೋ ಫೆರೇರ ೧೯೬೫ರಲ್ಲಿ ಆ ವಿಷದಲ್ಲಿ ಕಂಡ ಅಂಶವು ಆಂಜಿಯೋಟೆನ್ಸಿನ್ನಿನ ಉತ್ಪತ್ತಿಯನ್ನೇ ತಡೆಯಬಲ್ಲದೆಂದು ಮುಂದೆ ತಿಳಿದು, ಅದರ ಮಾದರಿಯಲ್ಲಿ ಕಟ್ಟಿದ ಕ್ಯಾಪ್ಟೊಪ್ರಿಲ್ ೧೯೮೧ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಹಾವಿನ ಕಡಿತಕ್ಕೆ ಕೊಡುತ್ತಿದ್ದ ಬೇರಿನಿಂದ ಒಂದು ಔಷಧ, ಹಾವಿನ ವಿಷದಿಂದಲೇ ಇನ್ನೊಂದು! ಇಂದು ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವವು ಧಮನಿಗಳನ್ನು ಸಡಿಲಿಸುವ ಆಮ್ಲೊಡಿಪೀನ್, ಆಂಜಿಯೋಟೆನ್ಸಿನ್ನಿನ ಪ್ರಭಾವವನ್ನು ತಡೆಯುವ ಟೆಲ್ಮಿಸಾರ್ಟಾನ್, ಥಯಜೈಡುಗಳ ಬಳಗದ ಕ್ಲೋರ್‌ಥಾಲಿಡೋನ್. ಒಂದನ್ನೇ ಭಾರಿ ಪ್ರಮಾಣದಲ್ಲಿ ಕೊಡುವುದಕ್ಕಿಂತ ಎರಡನ್ನು ಅಲ್ಪ ಪ್ರಮಾಣದಲ್ಲಿ ಕೂಡಿಸಿ ಕೊಡುವುದು ಫಲಕಾರಿಯೆಂಬುದು ಈಗಿನ ಮತ. ಕೆಲವರಿಗೆ ಪಾದದ ಊತ, ಕೆಲವರಿಗೆ ಒಣಕೆಮ್ಮು, ವೃದ್ಧರಲ್ಲಿ ರಕ್ತದ ಸೋಡಿಯಂ ಇಳಿಯುವುದು ಮೊದಲಾದ ತೊಡಕುಗಳುಂಟು. ಔಷಧವನ್ನು ಬದಲಿಸಿದರೆ ಅವು ಸಾಮಾನ್ಯವಾಗಿ ನೀಗುತ್ತವೆ. ಮೇಲಿನ ಸಂಖ್ಯೆಯನ್ನು ೧೦ರಷ್ಟು ಇಳಿಸಿದರೆ ಪಾರ್ಶ್ವವಾಯುವಿನ ಭಯ ಕಾಲುಭಾಗಕ್ಕೂ ಮಿಕ್ಕು ತಗ್ಗುತ್ತದೆಂಬುದನ್ನು ನೆನೆದರೆ ಈ ತೊಡಕುಗಳು ದೊಡ್ಡವಲ್ಲ.

ಎಷ್ಟಾದರೆ ಅಧಿಕ? ವೈದ್ಯಶಾಲೆಯಲ್ಲಿ ಬೇರೆಬೇರೆ ದಿನಗಳಲ್ಲಿ ೧೪೦/೯೦, ಮನೆಯಲ್ಲಿ ೧೩೫/೮೫ ಎಂಬ ಗೆರೆ ಬಹಳ ಕಡೆ ಮಾನ್ಯವಾಗಿದೆ. ಅಮೆರಿಕದವರು ೨೦೧೭ರಲ್ಲಿ ಗೆರೆಯನ್ನು ೧೩೦/೮೦ಕ್ಕೆ ಇಳಿಸಿದರು. ರೋಗಕ್ಕೂ ಆರೋಗ್ಯಕ್ಕೂ ನಡುವೆ ಪ್ರಕೃತಿ ಯಾವ ಗೆರೆಯನ್ನೂ ಎಳೆದಿಲ್ಲವೆಂದು ಜಾರ್ಜ್ ಪಿಕರಿಂಗ್ ೧೯೫೦ರ ದಶಕದಲ್ಲಿ ರಾಬರ್ಟ್ ಪ್ಲಾಟರೊಡನೆ ನಡೆಸಿದ ಪ್ರಸಿದ್ಧ ವಾದದಲ್ಲಿ ಹೇಳಿದ್ದು ಸರಿಯಾಗಿಯೇ ಇತ್ತು: ನಡುವಯಸ್ಸಿನಲ್ಲಿ ೧೧೫/೭೫ರಿಂದಾಚೆಗೆ ೨೦/೧೦ರಷ್ಟು ಏರಿದಾಗಲೆಲ್ಲ ಹೃದ್ರೋಗ ಪಾರ್ಶ್ವವಾಯುಗಳಿಂದ ಸಾಯುವ ಸಂಭವ ಇಮ್ಮಡಿಯಾಗುತ್ತ ಹೋಗುತ್ತದೆ. ಆದುದರಿಂದ ೧೩೮ ಇದ್ದವನು ನಿಶ್ಚಿಂತನೂ ಅಲ್ಲ, ೧೪೨ ಇದ್ದವನು ಕೆಟ್ಟವನೂ ಅಲ್ಲ. ಆದರೆ ಅಳತೆ ಶುದ್ಧವಾಗಿರಬೇಕು. ಬಸ್ಸಿಳಿದು ಓಡಿಬಂದು, ಕಾಫಿ ಕುಡಿದ ಬಾಯಿ ಆರುವ ಮೊದಲೇ, ಮಾತನಾಡುತ್ತಲೇ ತೋಳು ಚಾಚಿದವನ ಸಂಖ್ಯೆಗೆ ಬೆಲೆಯಿಲ್ಲ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಹೃದಯದ ಮಟ್ಟಕ್ಕೆ ಇರಿಸಿ, ತೋಳಿಗೆ ತಕ್ಕ ಅಳತೆಯ ಪಟ್ಟಿಯನ್ನು ಬರಿಮೈಯ ಮೇಲೆ ಸುತ್ತಿ, ಎರಡು ಸಲ ನೋಡಬೇಕು. ವೈದ್ಯರ ಮುಂದೆ ಮಾತ್ರ ಏರುವವರೂ ಇದ್ದಾರೆ, ವೈದ್ಯರ ಮುಂದೆ ಮಾತ್ರ ಇಳಿಯುವವರೂ ಇದ್ದಾರೆ. ಇಬ್ಬರಿಗೂ ಮನೆಯ ಯಂತ್ರ ಸತ್ಯವನ್ನು ಹೇಳುತ್ತದೆ.

ಔಷಧವಿಲ್ಲದ ಉಪಾಯಗಳಲ್ಲಿ ಉಪ್ಪಿನ ವಿಷಯ ಹೇಳಿಯಾಯಿತು. ತೂಕ ಒಂದು ಕಿಲೋ ಇಳಿದರೆ ಒತ್ತಡ ಸುಮಾರು ಒಂದು ಮಿಲಿಮೀಟರು ಇಳಿಯುತ್ತದೆ. ದಿನಕ್ಕೆ ಅರ್ಧ ಗಂಟೆಯ ಬಿರುಸಿನ ನಡಿಗೆ, ಮದ್ಯತ್ಯಾಗ ಇವುಗಳ ಫಲವೂ ಸಿದ್ಧವಾದದ್ದೇ. ಸೊಪ್ಪು, ತರಕಾರಿ, ಹಣ್ಣು, ಕಾಳು, ಕೊಬ್ಬು ತೆಗೆದ ಹಾಲುಮೊಸರುಗಳಿಂದ ಕೂಡಿದ ಆಹಾರಕ್ರಮವೊಂದನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಅಧಿಕ ಒತ್ತಡವಿದ್ದವರಲ್ಲಿ ಮೇಲಿನ ಸಂಖ್ಯೆ ೧೧ರಷ್ಟು ಇಳಿಯಿತೆಂದು ೧೯೯೭ರಲ್ಲಿ ಪ್ರಕಟವಾಯಿತು. ಒಂದು ಗುಳಿಗೆಯ ಫಲಕ್ಕೆ ಅದು ಸಮಾನ. ಬಸ್ಸಾರು, ಹೆಸರುಬೇಳೆಯ ಕೋಸಂಬರಿ, ಮಜ್ಜಿಗೆಗಳಿರುವ ಊಟಕ್ಕೆ ಉಪ್ಪೊಂದನ್ನು ಇಳಿಸಿದರೆ ಅಮೆರಿಕದ ಪಥ್ಯವನ್ನು ಎರವಲು ತರಬೇಕಾಗಿಲ್ಲ. ಚೀನದ ೬೦೦ ಹಳ್ಳಿಗಳಲ್ಲಿ ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಕೊಟ್ಟು ನೋಡಿದಾಗ ಪಾರ್ಶ್ವವಾಯು ಶೇಕಡ ೧೪ರಷ್ಟು ಕಡಿಮೆಯಾಯಿತೆಂದು ೨೦೨೧ರಲ್ಲಿ ತಿಳಿದುಬಂದಿತು. ಆದರೆ ಮೂತ್ರಪಿಂಡದ ರೋಗವಿದ್ದವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಬೆಳ್ಳುಳ್ಳಿ, ಪ್ರಾಣಾಯಾಮಗಳಿಂದ ಅಲ್ಪಸ್ವಲ್ಪ ಲಾಭವುಂಟು, ಗುಳಿಗೆಯ ಸ್ಥಾನದಲ್ಲಿ ಅವುಗಳನ್ನು ಕೂರಿಸಲಾಗದು.

ನಮ್ಮ ದೇಶದ ಸ್ಥಿತಿಯನ್ನು ನೋಡಿದರೆ, ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದು ದಾಟಿದ ಹೆಂಗಸರಲ್ಲಿ ಶೇಕಡ ೨೧, ಗಂಡಸರಲ್ಲಿ ಶೇಕಡ ೨೪ ಮಂದಿಯ ಒತ್ತಡ ಏರಿದೆ ಅಥವಾ ಅವರು ಅದಕ್ಕೆ ಔಷಧ ಸೇವಿಸುತ್ತಿದ್ದಾರೆ. ೨೦೧೭ರಲ್ಲಿ ಐದು ರಾಜ್ಯಗಳ ೨೫ ಜಿಲ್ಲೆಗಳಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವು ಹೊಸ ಔಷಧವನ್ನೇನೂ ತರಲಿಲ್ಲ. ಎಲ್ಲ ವೈದ್ಯರಿಗೂ ಒಂದೇ ಸರಳ ಚಿಕಿತ್ಸಾಕ್ರಮ, ಒಂದು ತಿಂಗಳಿಗಾಗುವಷ್ಟು ಗುಳಿಗೆ, ಮನೆಗೆ ಹತ್ತಿರದ ಕೇಂದ್ರ, ಬಾರದವರನ್ನು ಹುಡುಕಿ ಕರೆತರುವ ದಾಖಲೆ ಇಷ್ಟನ್ನು ಮಾತ್ರ ಏರ್ಪಡಿಸಿತು. ನನ್ನ ದೃಷ್ಟಿಯಲ್ಲಿ ಈ ವ್ಯಾಧಿಯ ವಿಷಯದಲ್ಲಿ ಈಚೆಗೆ ಆಗಿರುವ ಅತ್ಯಂತ ವಿವೇಕದ ಕೆಲಸ ಇದೇ. ಕಿಕ್ಕಿರಿದ ಆಸ್ಪತ್ರೆಗೆ ಅರ್ಧ ದಿನದ ಕೂಲಿ ಕಳೆದುಕೊಂಡು ಹೋಗಿ, ಹತ್ತು ದಿನದ ಗುಳಿಗೆ ಪಡೆದು ಬರಬೇಕಾದವನು ಎರಡನೆಯ ತಿಂಗಳಿಗೆ ಬಿಟ್ಟರೆ ದೋಷ ಅವನೊಬ್ಬನದಲ್ಲ. ಬಿಡುವ ಇನ್ನೊಂದು ವರ್ಗವಿದೆ: ಸಂಖ್ಯೆ ೧೨೮/೮೦ಕ್ಕೆ ಇಳಿಯಿತು, ವಾಸಿಯಾಯಿತು ಎನ್ನುವವರು. ಇಳಿದದ್ದು ಗುಳಿಗೆಯಿಂದ, ಬಿಟ್ಟ ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಅದು ಮತ್ತೆ ಮೊದಲಿನ ಮಟ್ಟಕ್ಕೆ ಏರುತ್ತದೆ, ಹೇಳದೆ ಏರುತ್ತದೆ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟು. ಮೂವತ್ತು ದಾಟಿದವರು, ಆರೋಗ್ಯವಾಗಿದ್ದೇನೆಂಬ ಕಾರಣಕ್ಕಾಗಿಯೇ, ವರ್ಷಕ್ಕೊಮ್ಮೆಯಾದರೂ ಒತ್ತಡವನ್ನು ಅಳೆಸಿಕೊಳ್ಳಿ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದಕ್ಕೆ ಹಣ ಕೊಡಬೇಕಾಗಿಲ್ಲ. ಅಳೆದ ಸಂಖ್ಯೆಯನ್ನು ಬರೆದಿಡಿ. ಗುಳಿಗೆ ಆರಂಭಿಸಿದವರು ಅದನ್ನು ಇಳಿಸುವ, ಬದಲಿಸುವ, ನಿಲ್ಲಿಸುವ ಪ್ರಶ್ನೆ ಬಂದಾಗ ನೆರೆಮನೆಯವರನ್ನು ಬಿಟ್ಟು ವೈದ್ಯರನ್ನು ಕೇಳಿ. ಸಂಖ್ಯೆ ೧೮೦/೧೨೦ನ್ನು ಮುಟ್ಟಿ, ಜೊತೆಗೆ ಎದೆನೋವೋ ಉಬ್ಬಸವೋ ಮಾತಿನ ತೊದಲೋ ಒಂದು ಪಕ್ಕದ ನಿಶ್ಶಕ್ತಿಯೋ ದೃಷ್ಟಿ ಮಂಕಾಗುವುದೋ ಕಂಡರೆ ಮನೆಯಲ್ಲಿ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.